ಬಿಡುಗಡೆ ಪತ್ರದಲ್ಲಿ ಬರೆಯದೆ ಇದ್ದದ್ದು: ಜೈಲಲ್ಲಿ ಕಂಡದ್ದು ಮನೆಗೆ ಬಂದಾಗ

ಶುರು ಮಾಡೋಕೆ ಮುಂಚೆ ಒಂದು ಮಾತು. ಈ ಸಂಚಿಕೆಯಲ್ಲಿ ಜೈಲಿನೊಳಗಿನ ಹೊಡೆತ, ಸಾವು, ಕಿರುಚಾಟದ ಪ್ರಸ್ತಾಪ ಬರುತ್ತೆ. ಇವತ್ತು ಬೇಡ ಅನ್ನಿಸಿದ್ರೆ ಇಲ್ಲೇ ನಿಲ್ಲಿಸಿ, ಇನ್ನೊಂದು ದಿನ ಕೇಳಿ. ಇದು ಓಡಿಹೋಗೋ ಕಥೆ ಅಲ್ಲ.

ದೊಡ್ಡ ಜೈಲು

2024ರ ಆಗಸ್ಟ್ ಕೊನೆಯ ವಾರ ನೆನಪಿದೆಯಾ? ನಟ ದರ್ಶನ್ ಅವರನ್ನ ಬೆಂಗಳೂರಿನ ಪರಪ್ಪನ ಅಗ್ರಹಾರದಿಂದ ಬಳ್ಳಾರಿ ಜೈಲಿಗೆ ಕಳಿಸಿದ ವಾರ. ಎಲ್ಲರ ಫೋನಲ್ಲೂ ಅದೇ ರೀಲ್ಸ್, ಅದೇ ಗೇಟು, ಅದೇ ಜೀಪು. ರಾಜ್ಯದ ಬೇರೆ ಕಡೆಯವರು ಬಳ್ಳಾರಿ ಜೈಲು ಎಲ್ಲಿದೆ ಅಂತ ಮ್ಯಾಪಲ್ಲಿ ಹುಡುಕಿದ್ದೇ ಆಗ.

ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರು ಮ್ಯಾಪ್ ತೆಗೆಯಬೇಕಾಗಿರಲಿಲ್ಲ. ಈ ಐದು ತಾಲೂಕುಗಳಲ್ಲಿ 'ದೊಡ್ಡ ಜೈಲು' ಅಂದರೆ ತಲೆಮಾರುಗಳಿಂದ ಬಳ್ಳಾರಿನೇ. ಜಿಲ್ಲೆಯ ಗಡಿ ಬೇಕಾದಷ್ಟು ಸಲ ಬದಲಾಗಿದೆ. 1953ರ ಅಕ್ಟೋಬರ್ 1ರವರೆಗೆ ಇದೆಲ್ಲ ಮದ್ರಾಸ್ ರಾಜ್ಯ, ಆಮೇಲೆ ಮೈಸೂರು ರಾಜ್ಯ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯ್ತು, 2018ರಲ್ಲಿ ಬಳ್ಳಾರಿಗೆ ವಾಪಸ್ ಬಂತು. 2021ರಲ್ಲಿ ವಿಜಯನಗರ ಅನ್ನೋ ಹೊಸ ಜಿಲ್ಲೆನೇ ಹುಟ್ಟಿತು. ಕಚೇರಿಗಳ ಬೋರ್ಡು ಬದಲಾದವು. ಜೈಲಲ್ಲಿರೋ ಮಗನನ್ನ ನೋಡೋಕೆ ಬುತ್ತಿ ಕಟ್ಟಿಕೊಂಡು ಬೆಳಗಿನ ಬಸ್ಸು ಹತ್ತೋ ತಾಯಿಯ ದಾರಿ ಮಾತ್ರ ಹೆಚ್ಚು ಬದಲಾಗಲಿಲ್ಲ. ಹರಪನಹಳ್ಳಿಯಿಂದ ಅದು ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ.

ಆ ಮಗ ಒಂದು ದಿನ ಹೊರಗೆ ಬರ್ತಾನೆ. ಜಾಮೀನಿನ ಮೇಲೋ, ಶಿಕ್ಷೆ ಮುಗಿಸಿಯೋ, ಕೇಸೇ ಬಿದ್ದುಹೋಗಿಯೋ. ಊರಿನವರು ಕೇಳೋ ಪ್ರಶ್ನೆ ಸಾಮಾನ್ಯವಾಗಿ ಎರಡೇ. ಒಂದು, 'ಏನು ಮಾಡಿದ್ದ?' ಇನ್ನೊಂದು, 'ಒಳಗೆ ಹೊಡೆದರಾ?' ಹೊಡೀಲಿಲ್ಲ ಅಂದರೆ, 'ಹಂಗಾರೆ ಪುಣ್ಯವಂತ ಬಿಡು' ಅಂತ ಮಾತು ಮುಗಿಯುತ್ತೆ.

ಇವತ್ತಿನ ಸಂಚಿಕೆ ಯಾರೂ ಕೇಳದ ಮೂರನೇ ಪ್ರಶ್ನೆಯ ಬಗ್ಗೆ. 'ಒಳಗೆ ಏನು ನೋಡಿದೆ?' ತನ್ನ ಮೈಮೇಲೆ ಒಂದು ಏಟೂ ಬೀಳದೆ, ಪಕ್ಕದವನ ಮೇಲೆ ಬಿದ್ದದ್ದನ್ನ ನೋಡಿಕೊಂಡು ಬಂದವರ ಬದುಕು ಆಮೇಲೆ ಏನಾಗುತ್ತೆ? ಈ ಪ್ರಶ್ನೆಗೆ ನೂರು ವರ್ಷದ ಇತಿಹಾಸ ಇದೆ. ಅದು ಶುರುವಾಗೋದು ಬಳ್ಳಾರಿಗೆ ಅಂತ ಹೊರಟು, ಬಳ್ಳಾರಿ ತಲುಪದ ಒಂದು ರೈಲು ವ್ಯಾಗನ್ನಿಂದ.

ಬಳ್ಳಾರಿಗೆ ಹೊರಟಿದ್ದ ವ್ಯಾಗನ್

1921. ಮಲಬಾರಿನಲ್ಲಿ ಮಾಪ್ಪಿಳ್ಳೆ ಬಂಡಾಯ. ಮಲಬಾರ್ ಆಗ ಮದ್ರಾಸ್ ಪ್ರಾಂತ್ಯದ್ದು, ಬಳ್ಳಾರಿಯೂ ಅದೇ ಪ್ರಾಂತ್ಯದ್ದು. ಅಲ್ಲಿನ ಜೈಲುಗಳು ತುಂಬಿ ತುಳುಕಿದಾಗ ಕೈದಿಗಳನ್ನ ದೂರದ ಜೈಲುಗಳಿಗೆ ಸಾಗಿಸೋಕೆ ಶುರು ಮಾಡಿದರು. ಬಳ್ಳಾರಿ ಅದರಲ್ಲಿ ಮುಖ್ಯವಾದದ್ದು.

ನವೆಂಬರ್ 19ರ ಸಂಜೆ, ತಿರೂರು ಸ್ಟೇಷನ್ನಿನಲ್ಲಿ 100 ಜನ ಕೈದಿಗಳನ್ನ ಒಂದು ಮುಚ್ಚಿದ ಸಾಮಾನು ವ್ಯಾಗನ್ನಿಗೆ ತುಂಬಿ ಬಾಗಿಲು ಹಾಕಿದರು. ಗಾಳಿ ಆಡೋಕೆ ದಾರಿ ಇರಲಿಲ್ಲ. ಸುಮಾರು ಐದು ಗಂಟೆ ಪ್ರಯಾಣ ಆದಮೇಲೆ, ನಡುರಾತ್ರಿಯ ಹೊತ್ತಿಗೆ, ಕೊಯಮತ್ತೂರಿನ ಹತ್ತಿರ ಇರೋ ಪೋದನೂರಿನಲ್ಲಿ ಬಾಗಿಲು ತೆಗೆದಾಗ ಒಳಗೆ ಹೆಣಗಳ ರಾಶಿ. ಆ ಹೊತ್ತಿಗೇ ಸತ್ತವರು, ಆಸ್ಪತ್ರೆ ದಾರಿಯಲ್ಲಿ ಸತ್ತವರು, ಆಸ್ಪತ್ರೆಯಲ್ಲಿ ಸತ್ತವರು ಎಲ್ಲ ಸೇರಿ 70 ಜನ. ಚರಿತ್ರೆ ಪುಸ್ತಕಗಳಲ್ಲಿ ಇದಕ್ಕೆ ವ್ಯಾಗನ್ ದುರಂತ ಅಂತ ಹೆಸರು.

70 ಅನ್ನೋ ಸಂಖ್ಯೆಯನ್ನ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ನಾನು ಇವತ್ತು ನಿಮಗೆ ಕೇಳೋದು, ಉಳಿದ 30 ಜನರನ್ನ ಒಂದು ಕ್ಷಣ ನೆನೆಸಿಕೊಳ್ಳಿ ಅಂತ.

ಅವರು ಕತ್ತಲಲ್ಲಿ, ಭುಜಕ್ಕೆ ಭುಜ ಒತ್ತಿಕೊಂಡು, ಪಕ್ಕದವನು ಸಾಯೋದನ್ನ ಮೈಯಿಂದಲೇ ತಿಳಿದುಕೊಂಡವರು. ಬದುಕುಳಿದವರಲ್ಲಿ ಒಬ್ಬರು ಸುಮಾರು 60 ವರ್ಷ ಆದಮೇಲೆ ಮುಪ್ಪಿನಲ್ಲಿ ಹೇಳಿಕೊಂಡ ನೆನಪಿದೆ. ವ್ಯಾಗನ್ನಿನ ಗೋಡೆಯಲ್ಲಿ ಒಂದು ಮೊಳೆ ಬಿದ್ದುಹೋಗಿ ಸಣ್ಣ ತೂತು ಆಗಿತ್ತಂತೆ. ಅದಕ್ಕೆ ಸರದಿಯಲ್ಲಿ ಮೂಗು ಹಚ್ಚಿ ಉಸಿರು ಎಳೆದುಕೊಂಡರಂತೆ. 60 ವರ್ಷ ಕಳೆದರೂ ಆ ತೂತು ನೆನಪಿಂದ ಹೋಗಿರಲಿಲ್ಲ.

ಸರ್ಕಾರ ತನಿಖೆ ಮಾಡಿಸಿತು. ಸತ್ತವರ ಲೆಕ್ಕ, ವ್ಯಾಗನ್ನಿನ ಲೆಕ್ಕ, ಯಾವ ಅಧಿಕಾರಿ ಎಲ್ಲಿ ನಿಂತಿದ್ದ ಅನ್ನೋ ಲೆಕ್ಕ ಎಲ್ಲ ಆಯ್ತು. ಕೊನೆಗೆ ಯಾರಿಗೂ ಶಿಕ್ಷೆ ಆಗಲಿಲ್ಲ. ಬದುಕುಳಿದವರು ಆಸ್ಪತ್ರೆಯಲ್ಲಿ ಗುಣವಾದ ಮೇಲೆ ಮನೆಗೆ ಹೋಗಲಿಲ್ಲ, ಜೈಲಿಗೇ ಹೋದರು. ಆ ಕಾಲದ ಭಾಷೆಯಲ್ಲಿ ಅವರು ಗಾಯಗೊಂಡವರೇ ಅಲ್ಲ. ಉಸಿರಾಡ್ತಾ ಇದ್ದರು, ಅಷ್ಟು ಸಾಕಿತ್ತು.

ಮುಂದೆ ಸಾವಿರಾರು ಮಾಪ್ಪಿಳ್ಳೆ ಕೈದಿಗಳು ಬಳ್ಳಾರಿಯ ಜೈಲುಗಳಲ್ಲಿ ಶಿಕ್ಷೆ ಕಳೆದರು. ಊರ ಹೊರಗಿನ ಅಲ್ಲೀಪುರದ ಜೈಲು ಕೂಡ ತುಂಬಿತು. 1930ರ ಉಪ್ಪಿನ ಸತ್ಯಾಗ್ರಹದ ಹೊತ್ತಿಗೆ ಅದೇ ಅಲ್ಲೀಪುರಕ್ಕೆ ಮದ್ರಾಸ್ ಪ್ರಾಂತ್ಯದ ಕಾಂಗ್ರೆಸ್ಸಿಗರು ಬಂದರು. ಮುಂದೆ ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾದ ಕಾಮರಾಜ್ ಅವರಲ್ಲಿ ಒಬ್ಬರು. ಹಿಂದಿ ವಿರೋಧಿ ಚಳವಳಿಯಲ್ಲಿ ಸೆರೆಯಾದ ಪೆರಿಯಾರ್ ಕೂಡ 1939ರಲ್ಲಿ ಬಳ್ಳಾರಿ ಜೈಲಲ್ಲಿದ್ದರು.

ಇಲ್ಲಿ ಒಂದು ಸಣ್ಣ ಸರ್ಕಾರಿ ಕಾಗದದ ಕಥೆ ಹೇಳಬೇಕು. 1972ರಲ್ಲಿ, ಸ್ವಾತಂತ್ರ್ಯ ಬಂದು 25 ವರ್ಷ ಆದಾಗ, ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ಶುರು ಮಾಡಿತು. ಜೈಲಿಗೆ ಹೋದವರು ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಒಳಗಿದ್ದದ್ದನ್ನ ತೋರಿಸಬೇಕಿತ್ತು. ಜೈಲಿನ ಹಳೇ ದಾಖಲೆ ಸಿಗದಿದ್ದರೆ? ಜೊತೆಗೆ ಸೆರೆಯಲ್ಲಿದ್ದ ಇನ್ನೊಬ್ಬ ಹೋರಾಟಗಾರ 'ಹೌದು, ಇವರು ನನ್ನ ಜೊತೆ ಒಳಗಿದ್ದರು' ಅಂತ ಸಹಕೈದಿ ಪ್ರಮಾಣಪತ್ರ ಬರೆದುಕೊಡಬಹುದಿತ್ತು.

ಯೋಚನೆ ಮಾಡಿ. ಜೊತೆಗಾರ ಕೈದಿಯ ಕಣ್ಣಿಗೆ ಬೆಲೆ ಇದೆ ಅಂತ ಸರ್ಕಾರವೇ ಒಪ್ಪಿಕೊಂಡಿತ್ತು. ಆದರೆ ಆ ಕಣ್ಣು ಸಾಕ್ಷಿ ಹೇಳಬೇಕಾದದ್ದು ಒಂದೇ ವಿಷಯಕ್ಕೆ, ಎಷ್ಟು ತಿಂಗಳು ಅಂತ. ಆ ತಿಂಗಳುಗಳಲ್ಲಿ ಆ ಕಣ್ಣು ಏನೇನು ಕಂಡಿತು ಅಂತ ಕೇಳೋ ಕಾಲಂ ಅರ್ಜಿಯಲ್ಲಿ ಇರಲಿಲ್ಲ.

ಗೋಡೆಯ ಆಚೆಯ ದನಿ

ಈಗ ಬಳ್ಳಾರಿಯಿಂದ ಬೆಂಗಳೂರಿಗೆ ಹೋಗೋಣ. ಯಾಕಂದರೆ ಅಲ್ಲಿ ಒಬ್ಬರು, ತಾನು ಕಂಡದ್ದನ್ನ ಒಳಗೇ ಕೂತು ಬರೆದಿಟ್ಟರು.

ನಿಮ್ಮಲ್ಲಿ ತುಂಬಾ ಜನ ಬೆಂಗಳೂರಿನ ಫ್ರೀಡಂ ಪಾರ್ಕ್ ನೋಡಿರ್ತೀರಿ. ಅಂಗನವಾಡಿ ಕಾರ್ಯಕರ್ತೆಯರು, ರೈತರು, ಗೆಸ್ಟ್ ಲೆಕ್ಚರರ್‌ಗಳು ಧರಣಿ ಕೂರೋ ಜಾಗ. ಅದು ಹಿಂದೆ ಬೆಂಗಳೂರು ಕೇಂದ್ರ ಕಾರಾಗೃಹ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆ ಆದಾಗ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನೆಲ್ಲ ಬಂಧಿಸಿ ಇಟ್ಟದ್ದು ಅಲ್ಲೇ.

1976ರ ಮೇ 2ರಂದು ಸ್ನೇಹಲತಾ ರೆಡ್ಡಿ ಅವರನ್ನ ಬಂಧಿಸಿದರು. ಹೆಸರು ಗೊತ್ತಿಲ್ಲದಿದ್ದರೆ, 'ಸಂಸ್ಕಾರ' ಸಿನಿಮಾದ ಚಂದ್ರಿ ಅಂದರೆ ನೆನಪಾಗಬಹುದು. ಅನಂತಮೂರ್ತಿಯವರ ಕಾದಂಬರಿ, ಸ್ನೇಹಲತಾ ಅವರ ಗಂಡ ಪಟ್ಟಾಭಿರಾಮ ರೆಡ್ಡಿ ನಿರ್ದೇಶನ, 1970ರ ಸಿನಿಮಾ. ಜಾರ್ಜ್ ಫರ್ನಾಂಡಿಸ್ ಆಗ ಭೂಗತರಾಗಿದ್ದರು. ಅವರ ಸ್ನೇಹಿತರು, ನೆಂಟರು ಯಾರು ಸಿಕ್ಕರೂ ಪೊಲೀಸರು ಎಳೆದು ತರುತ್ತಿದ್ದ ಕಾಲ ಅದು. ಸ್ನೇಹಲತಾ ಅವರನ್ನ ಕೊನೆಗೆ ಮೀಸಾ ಕಾಯ್ದೆಯಡಿ ವಿಚಾರಣೆಯಿಲ್ಲದೆ ಇಟ್ಟರು. ಅವರಿಗೆ ಅಸ್ತಮಾ ಇತ್ತು.

ಎಂಟು ತಿಂಗಳಿಗೂ ಹೆಚ್ಚು ಕಾಲ ಒಳಗಿದ್ದು ಅವರು ಒಂದು ಡೈರಿ ಬರೆದರು. ಅವರು ಸತ್ತಮೇಲೆ, 1977ರಲ್ಲಿ ಅದು ಅಚ್ಚಾಯ್ತು. ತನ್ನ ಉಬ್ಬಸದ ಜೊತೆಗೆ ಅವರು ಅದರಲ್ಲಿ ಅಲ್ಲಿದ್ದ ಬೇರೆ ಹೆಂಗಸರ ಬಗ್ಗೆ ಬರೆದರು. ಆ ಹೆಂಗಸರು ರಾಜಕೀಯ ಕೈದಿಗಳಲ್ಲ. ಸಣ್ಣಪುಟ್ಟ ಕೇಸುಗಳಲ್ಲಿ ಸಿಕ್ಕಿಬಿದ್ದ ಬಡವರು. ಒಳಗೆ ಬಂದ ಕೂಡಲೇ ಎಲ್ಲರೆದುರು ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡೋದು, ಹೊಡೆಯೋದು, ಇದನ್ನೆಲ್ಲ ಸ್ನೇಹಲತಾ ನೋಡಿದರು, ಪ್ರತಿಭಟಿಸಿದರು. ಹೆಂಗಸರಿಗೆ ಬೀಳ್ತಿದ್ದ ಹೊಡೆತ ನಿಲ್ಲಿಸಿದ್ದು, ಊಟ ಸ್ವಲ್ಪ ಸುಧಾರಿಸಿದ್ದು, ಇವನ್ನ ತಾನು ಅಲ್ಲಿ ಮಾಡಿದ ಒಳ್ಳೇ ಕೆಲಸ ಅಂತ ಎಣಿಸಿಕೊಂಡರು.

ಇನ್ನೊಂದು ಕಡೆ ಸ್ನೇಹಲತಾ ಅವರ ದನಿಯನ್ನೇ ಕೇಳಿಸಿಕೊಂಡವರಿದ್ದರು. ಅದೇ ಜೈಲಿನ ಇನ್ನೊಂದು ಭಾಗದಲ್ಲಿದ್ದ ಮಧು ದಂಡವತೆ ವರ್ಷಗಳ ನಂತರ ಬರೆದಿದ್ದಾರೆ: ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ಕೋಣೆಯಿಂದ ಕಿರುಚಾಟ ಕೇಳಿಸ್ತಿತ್ತು ಅಂತ. ದಂಡವತೆ 1977ರಲ್ಲಿ ರೈಲ್ವೆ ಮಂತ್ರಿಯಾದರು. ಎರಡನೇ ದರ್ಜೆ ಸ್ಲೀಪರಿನ ಗಟ್ಟಿ ಹಲಗೆಗೆ ಮೆತ್ತೆ ಬಂದದ್ದು ಅವರ ಕಾಲದಲ್ಲಿ. ದೊಡ್ಡ ಬದುಕು, ತುಂಬಿದ ಬದುಕು. ಆದರೂ ಜೈಲು ಅಂದಾಗ ಅವರಿಗೆ ನೆನಪಾಗಿ ಬಂದದ್ದು ಗೋಡೆಯ ಆಚೆಯ ಆ ದನಿ.

ಸ್ನೇಹಲತಾ ಅವರನ್ನ 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಜನವರಿ 20ರಂದು ತೀರಿಕೊಂಡರು. ಜೈಲಿನ ನಂತರದ ಅವರ ಬದುಕು ಐದು ದಿನ.

ಅದೇ ತಿಂಗಳುಗಳ ಇನ್ನೊಂದು ಕಾಗದವನ್ನೂ ನೋಡಬೇಕು. ಜಾರ್ಜ್ ಅವರ ತಮ್ಮ ಲಾರೆನ್ಸ್ ಫರ್ನಾಂಡಿಸ್ ಅವರನ್ನ 1976ರ ಮೇ 1ರಂದು ಪೊಲೀಸರು ಕರೆದೊಯ್ದು ಚಿತ್ರಹಿಂಸೆ ಕೊಟ್ಟರು. ಜೈಲಲ್ಲಿ ಮಗನನ್ನ ಕಂಡ ತಾಯಿ ಆಲಿಸ್ ಫರ್ನಾಂಡಿಸ್ ರಾಷ್ಟ್ರಪತಿಗೆ ಪತ್ರ ಬರೆದರು. ಅದರಲ್ಲಿ ಊದಿದ ಕಾಲು, ಬಿದ್ದುಹೋದ ಎಡಭಾಗದ ವಿವರ ಇದೆ. ಅದರ ಜೊತೆಗೇ ಆ ತಾಯಿ ಇನ್ನೊಂದನ್ನ ಗುರುತಿಸಿದ್ದರು. ಖಾಕಿ ಬಟ್ಟೆ ಕಂಡರೆ ಮಗ ನಡುಗ್ತಾನೆ, ಯಾರೇ ಹತ್ತಿರ ಬಂದರೂ ಹೊಡೀತಾರೇನೋ ಅಂತ ಹೆದರ್ತಾನೆ ಅನ್ನೋದು. ಯಾವ ಡಾಕ್ಟರೂ ಇನ್ನೂ ಬರೆಯದ ವರದಿಯನ್ನ ಆ ತಾಯಿ ಬರೆದಿದ್ದರು.

1977ರಲ್ಲಿ ನ್ಯಾಯಮೂರ್ತಿ ಜೆ.ಸಿ. ಷಾ ಆಯೋಗ ಕೂತಿತು, ತುರ್ತು ಪರಿಸ್ಥಿತಿಯ ಅತ್ಯಾಚಾರಗಳ ವಿಚಾರಣೆ ನಡೀತು. ಹೆಸರಿದ್ದವರು ಬಂದು ಹೇಳಿದರು, ಪತ್ರಿಕೆಗಳು ಬರೆದವು. ಸರಿ. ಆದರೆ ಸ್ನೇಹಲತಾ ಕಂಡ ಆ ಹೆಂಗಸರು? ಹೊಡೆಸಿಕೊಂಡವರು, ಹೊಡೆಯೋದನ್ನ ಸಾಲಾಗಿ ನಿಂತು ನೋಡಿದವರು? ಅವರೂ ಒಂದು ದಿನ ಬಿಡುಗಡೆ ಆಗಿ ತಮ್ಮ ತಮ್ಮ ಊರಿಗೆ ಹೋದರು. ಡೈರಿ ಇಲ್ಲ, ಆಯೋಗ ಇಲ್ಲ, ಹಾರ ಇಲ್ಲ. ಜೈಲಿಗೆ ಹೋಗಿ ಬಂದ ಹೆಂಗಸು ಅನ್ನೋ ಹೆಸರು ಮಾತ್ರ ಜೊತೆಗೆ ಬಂತು. ಇಂಥ ಹೆಸರು ಹೊತ್ತ ಹೆಂಗಸು ನಮ್ಮ ಹಳ್ಳಿಗಳಲ್ಲಿ ತಾನು ಕಂಡದ್ದನ್ನ ಯಾರ ಹತ್ತಿರ ಹೇಳಿಕೊಳ್ತಾಳೆ?

ಒಂದು ಪತ್ರ ಕೇಸಾಯ್ತು

ಕಂಡದ್ದನ್ನ ಹೇಳಿದರೆ ಏನಾಗಬಹುದು ಅನ್ನೋದಕ್ಕೆ ಒಂದು ಉದಾಹರಣೆ ದೆಹಲಿಯ ತಿಹಾರ್ ಜೈಲಿಂದ ಇದೆ. ಕಾನೂನು ಓದೋ ಗೆಳೆಯರಿಗೆ ಇದು ಗೊತ್ತಿರುತ್ತೆ.

ಸುನಿಲ್ ಬಾತ್ರಾ ಮರಣದಂಡನೆಗೆ ಗುರಿಯಾಗಿದ್ದ ಕೈದಿ. ತನ್ನನ್ನ ಒಂಟಿ ಸೆರೆಯಲ್ಲಿ ಇಟ್ಟದ್ದನ್ನ ಪ್ರಶ್ನಿಸಿ 1978ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಪಡೆದಿದ್ದವರು. ಆಮೇಲೆ ಅವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೆ ಇನ್ನೊಂದು ಪತ್ರ ಬರೆದರು. ಈ ಸಲ ತನಗಾಗಿ ಅಲ್ಲ. ಪ್ರೇಮಚಂದ್ ಅನ್ನೋ ಇನ್ನೊಬ್ಬ ಕೈದಿಯ ಮೇಲೆ ಜೈಲಿನ ಸಿಬ್ಬಂದಿಯೇ ಅಮಾನುಷ ಹಿಂಸೆ ಮಾಡಿದ್ದಾರೆ ಅಂತ.

ಕೋರ್ಟು ಆ ಪತ್ರವನ್ನೇ ಅರ್ಜಿ ಅಂತ ತಗೊಂಡಿತು. ವಕೀಲರನ್ನ ಜೈಲಿಗೆ ಕಳಿಸಿತು. ಗಾಯ ನಿಜ, ಅದನ್ನ ಮುಚ್ಚಿಹಾಕೋ ಪ್ರಯತ್ನ ನಡೆದದ್ದೂ ನಿಜ ಅಂತ ಗೊತ್ತಾಯ್ತು. 1979ರ ಡಿಸೆಂಬರ್ 20ರ ತೀರ್ಪಿನಲ್ಲಿ ಜೈಲುಗಳಲ್ಲಿ ದೂರು ಪೆಟ್ಟಿಗೆ ಇಡಬೇಕು, ನ್ಯಾಯಾಧೀಶರು ಕಾಲಕಾಲಕ್ಕೆ ಭೇಟಿ ಕೊಟ್ಟು ಕೈದಿಗಳ ಮಾತು ಕೇಳಬೇಕು ಅನ್ನೋ ನಿರ್ದೇಶನಗಳು ಬಂದವು. ಇವತ್ತು ನಮ್ಮ ಜಿಲ್ಲಾ ನ್ಯಾಯಾಧೀಶರು ಜೈಲಿಗೆ ಭೇಟಿ ಕೊಟ್ಟರು ಅಂತ ಪತ್ರಿಕೆಯಲ್ಲಿ ಸಣ್ಣ ಸುದ್ದಿ ಓದ್ತೀರಲ್ಲ, ಅದರ ಹಿಂದೆ ಇಂಥ ತೀರ್ಪುಗಳ ಬಲ ಇದೆ.

ಆ ತೀರ್ಪು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಕಮ್ಯುನಿಸ್ಟರಿಗೆ ಕಾನೂನು ನೆರವು ಕೊಟ್ಟರು ಅನ್ನೋ ಕಾರಣಕ್ಕೆ 1948ರಲ್ಲಿ ಒಂದು ತಿಂಗಳು ತಾವೇ ಸೆರೆಯಲ್ಲಿದ್ದವರು. 1957ರಲ್ಲಿ ಕೇರಳದ ಮೊದಲ ಸರ್ಕಾರದಲ್ಲಿ ಮಂತ್ರಿಯಾದಾಗ ಜೈಲು ಖಾತೆಯೂ ಅವರ ಕೈಯಲ್ಲಿತ್ತು. ಒಳಗಿನ ಗೋಡೆ ಹೇಗಿರುತ್ತೆ ಅಂತ ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಈ ಕಥೆಯಲ್ಲಿ ಎಲ್ಲವೂ ಕೂಡಿ ಬಂತು. ಬರೆಯಬಲ್ಲ ಕೈದಿ, ಓದಬಲ್ಲ ನ್ಯಾಯಮೂರ್ತಿ. ಇದು ಅಪರೂಪ. ಜೈಲಿನೊಳಗಿನ ದಿನನಿತ್ಯದ ನಿಯಮ ಇದಕ್ಕೆ ತದ್ವಿರುದ್ಧ. ಕಂಡದ್ದನ್ನ ಹೇಳಿದವನು 'ಚಾಡಿಕೋರ'. ನಾಳೆ ಅವನಿಗೂ ಅದೇ ಗತಿ. ಅದಕ್ಕೇ ಎಲ್ಲರೂ ಮುಖ ತಿರುಗಿಸ್ತಾರೆ, ಬಾಯಿ ಮುಚ್ಚಿಕೊಳ್ತಾರೆ. ಆ ಮೌನ ಅಭ್ಯಾಸ ಆಗುತ್ತೆ. ಬಿಡುಗಡೆ ದಿನ ಬಟ್ಟೆಬರೆ ಜೊತೆ ಆ ಅಭ್ಯಾಸವೂ ಮನೆಗೆ ಬರುತ್ತೆ.

ಮೈಯೊಳಗಿನ ಕಾವಲುಗಾರ

ಈಗ ಸ್ವಲ್ಪ ವಿಜ್ಞಾನ. ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧದಿಂದ ವಾಪಸಾದ ಸೈನಿಕರ ಅನುಭವ ವೈದ್ಯರನ್ನ ಯೋಚನೆಗೆ ಹಚ್ಚಿತು. 1980ರಲ್ಲಿ ಅಲ್ಲಿನ ಮನೋವೈದ್ಯರ ಅಧಿಕೃತ ಕೈಪಿಡಿಗೆ ಒಂದು ಹೊಸ ಕಾಯಿಲೆಯ ಹೆಸರು ಸೇರಿತು. ನೀವೆಲ್ಲ ಕೇಳಿರೋ ಪಿಟಿಎಸ್‌ಡಿ. ಕನ್ನಡದಲ್ಲಿ ಹೇಳೋದಾದರೆ, ಆಘಾತ ಮುಗಿದರೂ ಮುಗಿಯದ ಒತ್ತಡ. ಇವತ್ತಿನ ವ್ಯಾಖ್ಯಾನದಲ್ಲಿ ನಮಗೆ ಬೇಕಾದ ಒಂದು ಮಾತಿದೆ: ಹಿಂಸೆ ತನಗೇ ಆಗಬೇಕಾಗಿಲ್ಲ, ಇನ್ನೊಬ್ಬರಿಗೆ ಆಗೋದನ್ನ ಕಣ್ಣಾರೆ ಕಂಡರೂ ಈ ಕಾಯಿಲೆ ಬರಬಹುದು. ವ್ಯಾಗನ್ನಿನ 30 ಜನರ ಗಾಯಕ್ಕೆ ವೈದ್ಯರ ಭಾಷೆಯಲ್ಲಿ ಹೆಸರು ಸಿಗೋಕೆ ಇಷ್ಟು ವರ್ಷ ಬೇಕಾಯ್ತು.

ಇದು ನಡೆಯೋದು ಹೇಗೆ? ಅಪಾಯ ಕಂಡಾಗ ನಮ್ಮ ಮೈ ಎರಡರಲ್ಲಿ ಒಂದಕ್ಕೆ ತಯಾರಾಗುತ್ತೆ, ಓಡೋಕೆ ಅಥವಾ ಎದುರು ನಿಲ್ಲೋಕೆ. ಎದೆ ಬಡಿದುಕೊಳ್ಳುತ್ತೆ, ಕಿವಿ ಚುರುಕಾಗುತ್ತೆ. ಜೈಲಿನ ಬ್ಯಾರಕ್ಕಿನಲ್ಲಿ ಪಕ್ಕದವನನ್ನ ನಾಲ್ಕು ಜನ ತುಳಿಯುವಾಗ ಓಡೋಕೂ ಆಗಲ್ಲ, ತಡೆಯೋಕೂ ಆಗಲ್ಲ. ಮೈ ತಯಾರಾಗೇ ನಿಂತಿರುತ್ತೆ. ಇದು ಒಂದು ದಿನ ಅಲ್ಲ, ತಿಂಗಳುಗಟ್ಟಲೆ ಆದಾಗ, ಆ ತಯಾರಿಯೇ ಮೈಯ ಸಹಜ ಸ್ಥಿತಿ ಆಗಿಬಿಡುತ್ತೆ. ಒಳಗೆ ಅದು ಜೀವ ಉಳಿಸಿದ ಗುಣ. ಹೊರಗೆ ಬಂದಮೇಲೆ ಆ ಕಾವಲುಗಾರನಿಗೆ 'ಸಾಕು, ಮನೆಗೆ ಬಂದಾಯ್ತು' ಅಂತ ಹೇಳೋರು ಬೇಕಲ್ಲ?

ಹಾಗಾಗಿ ಅವನು ಹೋಟೆಲಲ್ಲಿ ಗೋಡೆಗೆ ಬೆನ್ನು ಕೊಟ್ಟೇ ಕೂರ್ತಾನೆ. ಕೊಟ್ಟೂರೇಶ್ವರನ ತೇರಿಗೆ ಇಡೀ ಊರು ಹೊರಟರೆ ಗದ್ದಲಕ್ಕೆ ಅಂಜಿ ಮನೆಯಲ್ಲೇ ಉಳೀತಾನೆ. ಬೀಗದ ಕೈ ಗೊಂಚಲಿನ ಸಪ್ಪಳಕ್ಕೆ ನಿದ್ದೆಯಿಂದ ಎದ್ದು ಕೂರ್ತಾನೆ. ಮಗು ಹಿಂದಿನಿಂದ ಬಂದು ಕುತ್ತಿಗೆಗೆ ಜೋತುಬಿದ್ದರೆ ತಳ್ಳಿಬಿಡ್ತಾನೆ, ಆಮೇಲೆ ತಾನೇ ಅಳ್ತಾನೆ. ಕುಡಿತಕ್ಕೆ ಬೀಳಬಹುದು, ಯಾಕಂದರೆ ಕುಡಿದ ರಾತ್ರಿ ಕನಸು ಬರಲ್ಲ. ಊರವರು ಹೇಳೋದು 'ಜೈಲು ಕೆಡಿಸ್ತು ಅವನನ್ನ' ಅಂತ. ಅರ್ಧ ನಿಜ. ಕೆಟ್ಟದ್ದನ್ನ ಕಲಿತು ಬಂದ ಅಂತ ಅವರ ಅರ್ಥ. ಅವನ ಪಾಡಿಗೆ ಅವನು ಹೆದರಿಕೊಂಡು ಬಂದಿರಬಹುದು.

ಅಮೆರಿಕದ ಇಬ್ಬರು ಸಂಶೋಧಕರು ಒಹಾಯೋ ರಾಜ್ಯದಲ್ಲಿ ಜೈಲಿಂದ ಹೊರಬಂದವರನ್ನ ಕೂರಿಸಿಕೊಂಡು ಇದನ್ನೇ ಕೇಳಿದರು: ಒಳಗೆ ಏನು ಕಂಡಿರಿ, ಈಗ ಹೇಗಿದ್ದೀರಿ? ಕಂಡ ಹಿಂಸೆಯ ನೆನಪು, ಸದಾ ಎಚ್ಚರ, ಭಯ, ಜನರನ್ನ ನಂಬೋಕೆ ಆಗದಿರೋದು ಹೊರಗೂ ಬಂದಿತ್ತು ಅನ್ನೋದು ಅವರ ಮಾತುಗಳಲ್ಲಿ ಕಾಣಿಸಿತು. ದೇಶ ಬೇರೆ, ಜೈಲು ಬೇರೆ. ಆಲಿಸ್ ಫರ್ನಾಂಡಿಸ್ ಪತ್ರ ಓದಿದವರಿಗೆ ಇದು ಹೊಸದಲ್ಲ.

ನಮ್ಮಲ್ಲೂ ಒಂದು ದೊಡ್ಡ ಅಧ್ಯಯನ ಆಗಿದೆ. ನಿಮ್ಹಾನ್ಸ್ ವೈದ್ಯರು ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ 5,024 ಕೈದಿಗಳನ್ನ ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟರು. ಕುಡಿತ, ತಂಬಾಕು, ಮಾದಕ ವಸ್ತುಗಳ ಚಟವನ್ನ ಪಕ್ಕಕ್ಕಿಟ್ಟು ನೋಡಿದರೂ 1,389 ಜನರಿಗೆ, ಅಂದರೆ ನೂರಕ್ಕೆ 27ಕ್ಕಿಂತ ಹೆಚ್ಚು ಜನರಿಗೆ, ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಇದರಲ್ಲಿ ಎಲ್ಲ ಕಾರಣಗಳೂ ಸೇರಿವೆ, ಬರೀ ನೋಡಿದ ಹಿಂಸೆ ಅಲ್ಲ. ಆದರೆ ಇಷ್ಟು ಜನ ಒಂದಲ್ಲ ಒಂದು ದಿನ ಯಾವುದೋ ಬಸ್ ಸ್ಟ್ಯಾಂಡಿನಲ್ಲಿ ಇಳೀತಾರೆ ಅನ್ನೋದು ನೆನಪಿರಲಿ.

ಇನ್ನೊಂದು ಲೆಕ್ಕ. ಭಾರತದ ಜೈಲುಗಳಲ್ಲಿ ಇರೋರಲ್ಲಿ ನೂರಕ್ಕೆ ಸುಮಾರು 75 ಜನ ವಿಚಾರಣಾಧೀನರು. ಕೋರ್ಟು ಇನ್ನೂ ಅವರನ್ನ ಅಪರಾಧಿ ಅಂದಿಲ್ಲ. ಎಷ್ಟೋ ಜನರನ್ನ ಮುಂದೆ ನಿರ್ದೋಷಿ ಅಂತ ಬಿಡುತ್ತೆ. ಆ ತೀರ್ಪಿನಿಂದ ಕೇಸು ಅಳಿಯುತ್ತೆ. ಕಣ್ಣಲ್ಲಿ ಉಳಿದದ್ದು?

ವಾಪಸ್ ಊರಿಗೆ

ಹಾಗಾದರೆ ಏನು ಮಾಡೋದು? ಇತಿಹಾಸ ಹೇಳಿಕೊಡೋದು ಒಂದೇ ವಿಷಯ ಅಂತ ನನಗೆ ಅನ್ನಿಸುತ್ತೆ. ಕಂಡದ್ದನ್ನ ಇಳಿಸಿಡೋಕೆ ಜಾಗ ಸಿಕ್ಕವರ ಕೈಯಲ್ಲಿ ಅದು ಉಪಯೋಗಕ್ಕೆ ಬಂತು. ಒಬ್ಬರಿಗೆ ಡೈರಿ, ಒಬ್ಬರಿಗೆ ಪತ್ರ, ಒಬ್ಬರಿಗೆ ತೀರ್ಪು. ನೋವು ಹೋಗಲಿಲ್ಲ, ಆದರೆ ಅವರೊಬ್ಬರೇ ಹೊರೋದು ತಪ್ಪಿತು. ಜಾಗ ಸಿಗದವರು ಅದನ್ನ ಹೊತ್ತುಕೊಂಡೇ ಮನೆಗೆ ಹೋದರು, ಮನೆಯವರೂ ಗೊತ್ತಿಲ್ಲದೆ ಅದರ ಭಾರ ಹೊತ್ತರು.

ಜಾಗ ಅಂದರೆ ಕೋರ್ಟೇ ಆಗಬೇಕಾಗಿಲ್ಲ. ರಂಗಾಯಣದ ನಟ ಹುಲುಗಪ್ಪ ಕಟ್ಟೀಮನಿ 90ರ ದಶಕದ ಕೊನೆಯಿಂದ ನಮ್ಮ ರಾಜ್ಯದ ಜೈಲುಗಳಲ್ಲಿ ಕೈದಿಗಳ ಜೊತೆ ನಾಟಕ ಮಾಡಿಸ್ತಾ ಬಂದಿದ್ದಾರೆ. ಕೈದಿಗಳು ಗಿರೀಶ್ ಕಾರ್ನಾಡರ 'ತಲೆದಂಡ' ಆಡಿದ್ದಾರೆ. ಕಲ್ಯಾಣ ಹೊತ್ತಿ ಉರಿಯೋ ನಾಟಕ ಅದು. ರಕ್ತಪಾತ ಕಂಡವರು ರಂಗದ ಮೇಲೆ ಇನ್ನೊಬ್ಬರ ಹೆಸರಲ್ಲಿ ಅದನ್ನ ಆಡಿ ತೋರಿಸಿದರು, ಪ್ರೇಕ್ಷಕರು ಎದುರು ಕೂತು ನೋಡಿದರು. 'ನಾನು ಕಂಡೆ' ಅಂತ ಹೇಳದೆಯೂ ಹೇಳೋ ದಾರಿ ಇದು. ಹಡಗಲಿ, ಕೂಡ್ಲಿಗಿ ಕಡೆಯವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಬಯಲಾಟ ನೋಡಿ ಬೆಳೆದ ಊರುಗಳು. ಹಗಲು ಬಾಯಿ ಬಿಡದ ಮನುಷ್ಯ ರಾತ್ರಿ ಬಣ್ಣ ಹಚ್ಚಿಕೊಂಡು ಗುಡುಗೋದನ್ನ ನೀವು ಕಂಡಿದ್ದೀರಿ.

ಸರ್ಕಾರದ ಕಡೆಯಿಂದಲೂ ಕೆಲವು ಬಾಗಿಲು ಇವೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನಲ್ಲಾದರೂ ಮಾನಸಿಕ ಚಿಕಿತ್ಸೆಯ ವ್ಯವಸ್ಥೆ ಇರಬೇಕು ಅನ್ನುತ್ತೆ. ಹೊರಗೆ ಬಂದವರಿಗೆ, ಅವರ ಮನೆಯವರಿಗೆ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರೋ ವ್ಯವಸ್ಥೆಯೂ ರಾಜ್ಯದಲ್ಲಿದೆ. ನಿಮ್ಮ ತಾಲೂಕಿನ ದಿನ ಯಾವುದು ಅಂತ ಆಸ್ಪತ್ರೆಯಲ್ಲಿ ವಿಚಾರಿಸಿ. ಒಳಗೆ ಇನ್ನೂ ಇರೋರ ಬಗ್ಗೆ ಆತಂಕ ಇದ್ದರೆ, ತಾಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತೆ, ಅಲ್ಲಿ ವಕೀಲರ ನೆರವು ಉಚಿತ.

ಇದೆಲ್ಲ ಬೇಕು. ಆದರೆ ಮೊದಲ ಜಾಗ ಮನೆಯ ಕಟ್ಟೆ.

ನಿಮ್ಮ ಓಣಿಗೆ ಯಾರಾದರೂ ಹಾಗೆ ವಾಪಸ್ ಬಂದಿರಬಹುದು. ಮಾವನೋ, ಅಣ್ಣನೋ, ಒಂದೇ ಬೆಂಚಿನಲ್ಲಿ ಕೂತಿದ್ದ ಗೆಳೆಯನೋ. 'ಒಳಗಿಂದ ಕಥೆ ಹೇಳಲೇ' ಅಂತ ಮಜಾ ತಗೊಳ್ಳೋಕೆ ಕೇಳಬೇಡಿ. ಫೋನ್ ಹಿಡಿದು ರೆಕಾರ್ಡ್ ಮಾಡಬೇಡಿ. ಒತ್ತಾಯ ಅಂತೂ ಬೇಡವೇ ಬೇಡ, ಸಿದ್ಧ ಇಲ್ಲದವನ ಬಾಯಿ ಬಿಡಿಸಿದರೆ ಗಾಯ ಮತ್ತೆ ಕೆರೆದ ಹಾಗೆ. ಚಹಾ ಕುಡೀರಿ, ಹೊಲಕ್ಕೆ ಜೊತೆಗೆ ಹೋಗಿ. ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಹಾಕೋ ಬದಲು ಎದುರಿನಿಂದ ಬಂದು ಮಾತಾಡಿಸಿ. ಅವನಾಗೇ ಒಂದು ದಿನ 'ಅಲ್ಲಿ ಒಬ್ಬ ಇದ್ದ...' ಅಂತ ಶುರು ಮಾಡಿದರೆ, ಮಧ್ಯದಲ್ಲಿ ಬಾಯಿ ಹಾಕದೆ ಕೇಳಿ. 'ನಿನಗೇನೂ ಆಗಲಿಲ್ಲವಲ್ಲ' ಅನ್ನಬೇಡಿ. ಆಗಿದೆ.

1921ರ ಆ ರಾತ್ರಿ ಬಳ್ಳಾರಿಗೆ ಅಂತ ಹೊರಟ ವ್ಯಾಗನ್ನಿನಲ್ಲಿ ಇದ್ದದ್ದು ಒಂದು ಮೊಳೆ ತೂತು. ಅಷ್ಟು ಸಣ್ಣ ತೂತಿನಿಂದ ಬಂದ ಗಾಳಿಯಲ್ಲಿ ಕೆಲವರು ಬೆಳಗು ಕಂಡರು. ನಿಮ್ಮ ಓಣಿಯ ಆ ಮನುಷ್ಯನಿಗೆ ನೀವು ಕೊಡೋ ಒಂದು ಸಂಜೆ ಅದಕ್ಕಿಂತ ದೊಡ್ಡದೇ.

ಇವತ್ತಿಗೆ ಇಷ್ಟು. ಈ ಸಂಚಿಕೆ ಯಾರಿಗಾದರೂ ಬೇಕಾಗುತ್ತೆ ಅನ್ನಿಸಿದರೆ ಗ್ರೂಪಿಗೆ ಫಾರ್ವರ್ಡ್ ಮಾಡೋದಕ್ಕಿಂತ ಅವರೊಬ್ಬರಿಗೇ ಕಳಿಸಿ.